ಊರಿಗೆ ಹೋದವಳ ಎಡೆ

ಮೊನ್ನೆ ಮಂಡ್ಯದ ಬಸ್ ನಿಲ್ದಾಣದ ಹಿಂದೆ ಟೆಂಪೋದಿಂದ ಚೆಂಡು ಹೂವಿನ ಮೂಟೆಗಳನ್ನು ಇಳಿಸುತ್ತಿದ್ದರು. ಆಯುಧ ಪೂಜೆಗೆ ಬಂದ ಮಾಲು. ಮೂಟೆಯೊಳಗೆ ಬೆಂದು ಬಿಸಿಯಾದ ಹೂವಿನ ಒಗರು ವಾಸನೆ ಮೂಗಿಗೆ ಹೊಡೆಯಿತು. ಬೇರೆಯವರಿಗೆ ಆ ವಾಸನೆಗೆ ಹಬ್ಬ ನೆನಪಾಗುತ್ತದೆ. ನನಗೆ ಜಪಾನಿನ ಹಮಾಮತ್ಸು ನೆನಪಾಗುತ್ತದೆ. ಅಲ್ಲಿ ನಾನು ಇದ್ದದ್ದು ಒಂದು ಮಳೆಯ ಕೊನೆಯಿಂದ ಚಳಿಯ ಮೊದಲವರೆಗೆ, ಮೂರು ತಿಂಗಳ ವೀಸಾ ಇರುವಷ್ಟು. ಜಪಾನು ಹೇಗಿತ್ತವ್ವ ಎಂದು ಜನ ಕೇಳುತ್ತಾರೆ. ಚೊಕ್ಕವಾಗಿತ್ತು ಎನ್ನುತ್ತೇನೆ. ಕೇಳುವವರಿಗೆ ಅಷ್ಟು ಸಾಕು.

ನನ್ನ ಕಿರಿಮಗಳು ಭಾಗ್ಯಳನ್ನು ಕೊಟ್ಟಿದ್ದು ಸತೀಶ ಎಂಬ ಇಂಜಿನಿಯರಿಗೆ. ಮೋಟಾರ್‌ಸೈಕಲ್ ಮಾಡುವ ಕಂಪನಿಯ ಕೆಲಸ, ಹಮಾಮತ್ಸುವಿನಲ್ಲಿ ಮನೆ, ಅನು ಎಂಬ ಒಂದು ಹೆಣ್ಣು ಮಗು. ಆ ವರ್ಷ ಬೇಸಗೆಯಲ್ಲಿ ಭಾಗ್ಯಳಿಗೆ ರಕ್ತದ ಕಾಯಿಲೆ ಬಂತು. ಭಾಷೆ ಗೊತ್ತಿರುವ ಕಡೆ ತೋರಿಸಿಕೊಳ್ಳುತ್ತೇನೆ ಎಂದು ಮಗುವನ್ನು ಗಂಡನ ಹತ್ತಿರ ಬಿಟ್ಟು ಒಬ್ಬಳೇ ಬೆಂಗಳೂರಿಗೆ ಬಂದಳು. ಊರಿಗೆ ಹೋಗಿ ಬರುತ್ತೇನೆ ಎಂದು ಮಗುವಿಗೆ ಹೇಳಿ ಬಂದಿದ್ದಳು. ಬಂದವಳು ಹಿಂದಕ್ಕೆ ಹೋಗಲಿಲ್ಲ. ಆಸ್ಪತ್ರೆಯಲ್ಲೇ ಮುಗಿಯಿತು. ಸತೀಶ ಮಗುವನ್ನು ಆಫೀಸಿನವರೊಬ್ಬರ ಮನೆಯಲ್ಲಿ ಬಿಟ್ಟು ಬಂದು, ಬೆಂಕಿ ಕೊಟ್ಟು, ತಿಥಿ ಮುಗಿಸಿಕೊಂಡು ಹೋದ. ಮಗುವಿಗೆ ಹೇಳಿದ್ದ ಮಾತನ್ನು ಮಾತ್ರ ಯಾರೂ ಬದಲಾಯಿಸಲಿಲ್ಲ. ಅಮ್ಮ ಊರಿಗೆ ಹೋಗಿದ್ದಾಳೆ. ಹೇಳಿದ ದಿನ ಅದು ನಿಜವೇ ಆಗಿತ್ತು, ಆಮೇಲೆ ಹಳಸಿತು. ಮೊದಲು ಅವನ ತಾಯಿ ಬಂದು ಮಗುವನ್ನು ನೋಡಿಕೊಂಡು ಹೋದರು. ಆ ಮಾತಿಗೆ ಗಾರೆ ಹಾಕಿ ಗಟ್ಟಿ ಮಾಡಿ ಹೋದವರು ಅವರೇ. ಅವರಾದ ಮೇಲೆ ನಾನು.

ಏರ್‌ಪೋರ್ಟಿನಿಂದ ಬರುವಾಗ ಕಾರಿನಲ್ಲೇ ಸತೀಶ ವಿಷಯ ತೆಗೆದ. ಅನುಗೆ ಏನೂ ಗೊತ್ತಿಲ್ಲ, ಈಗ ತಾನೇ ಒಂದನೇ ಕ್ಲಾಸಿಗೆ ಹೊಂದಿಕೊಂಡಿದ್ದಾಳೆ, ಮಾರ್ಚಿಗೆ ತನ್ನ ಪೋಸ್ಟಿಂಗ್ ಮುಗಿಯುತ್ತದೆ, ಬೆಂಗಳೂರಿಗೆ ಬಂದ ಮೇಲೆ ತಾನೇ ನಿಧಾನವಾಗಿ ಹೇಳುತ್ತೇನೆ ಎಂದ. ಅಲ್ಲಿಯವರೆಗೆ ಕೇಳಿದರೆ ಏನು ಹೇಳಲಿ ಎಂದೆ.

"ಊರಿಗೆ ಹೋಗಿದ್ದಾಳೆ ಅನ್ನಿ ಅತ್ತೆ. ಆಗಲ್ಲ ಅಂದ್ರೆ ಈಗ್ಲೇ ಹೇಳ್ಬಿಡಿ, ರಿಟರ್ನ್ ಟಿಕೆಟ್ ಚೇಂಜ್ ಮಾಡಿಸ್ತೀನಿ. ತಪ್ಪು ತಿಳ್ಕೋಬೇಡಿ."

ಅವನು ಸಿಟ್ಟಿನಿಂದ ಹೇಳಲಿಲ್ಲ. ಭಾಗ್ಯ ಹೋದ ಮೂರು ತಿಂಗಳಲ್ಲಿ ಅವನ ಕೆನ್ನೆ ಒಳಕ್ಕೆ ಹೋಗಿತ್ತು. ನಾನು ಹೂಂ ಅಂದೆ. ಹಾಗೆ ಆ ಮನೆಗೆ ಹೋದೆ.

ಮನೆ ನಾಲ್ಕನೇ ಮಹಡಿಯಲ್ಲಿ. ಕಬ್ಬಿಣದ ಬಾಗಿಲು, ಬಾಗಿಲ ಹೊರಗೆ ಉದ್ದದ ವರಾಂಡ, ಒಂದೇ ಥರದ ಬಾಗಿಲುಗಳ ಸಾಲು. ಕನ್ನಡದ ಬೋರ್ಡನ್ನೇ ಕೂಡಿಸಿ ಕೂಡಿಸಿ ಓದುವವಳು ನಾನು, ಅಲ್ಲಿಯ ಅಕ್ಷರ ನನಗೆ ಗೋಡೆ ಮೇಲಿನ ಗೀಚು. ಮೊದಲ ವಾರ ಕಸ ಎಸೆಯಲು ಇಳಿದು ವಾಪಸು ಬರುವಾಗ ಪಕ್ಕದ ಕಟ್ಟಡದ ನಾಲ್ಕನೇ ಮಹಡಿಗೆ ಹತ್ತಿ ಯಾರದೋ ಬಾಗಿಲು ತಳ್ಳಿದೆ. ಒಳಗಿದ್ದ ಮುದುಕ ಸುಮಿಮಾಸೆನ್ ಎಂದು ತಾನೇ ಕ್ಷಮೆ ಕೇಳಿ ನನ್ನನ್ನು ಕೆಳಗೆ ಕರೆತಂದು ಬಿಟ್ಟ. ಅದರ ಮೇಲೆ ಸತೀಶ, ಒಬ್ಬರೇ ಇಳಿಯಬೇಡಿ ಅತ್ತೆ ಎಂದ. ಬೆಳಿಗ್ಗೆ ಅವನು ಹೋಗುತ್ತಿದ್ದ, ಮಗು ಹೋಗುತ್ತಿತ್ತು, ನಾನು ಉಳಿಯುತ್ತಿದ್ದೆ. ಹುಟ್ಟಿದಾಗಿನಿಂದ ರೇಷ್ಮೆ ಹುಳ ಸಾಕಿದವಳು ನಾನು. ಹುಳ ಪೊರೆ ಕಳಚುವ ಮೊದಲು ಜ್ವರ ಹಿಡಿದು ಮಲಗುತ್ತದೆ, ಎದ್ದರೆ ಮೇಯುತ್ತದೆ, ಕೊನೆಗೆ ತನ್ನ ಗೂಡನ್ನು ತಾನೇ ಕಟ್ಟಿಕೊಳ್ಳುತ್ತದೆ. ನನ್ನ ಗೂಡನ್ನು ಬೇರೆಯವರು ಕಟ್ಟಿದ್ದರು. ಸೆಪ್ಟೆಂಬರಿನಲ್ಲಿ ಬಿರುಗಾಳಿಯ ಮಳೆ ಬಂತು. ಎರಡು ದಿನ ಕಿಟಕಿಯ ತಗಡು ಇಳಿಸಿ ಕೂತೆವು. ಹಗಲೋ ರಾತ್ರಿಯೋ ತಿಳಿಯಲಿಲ್ಲ.

ಮಗು ಮನೆಗೆ ಬಂದರೆ ಮಾತಿನದೇ ಕಷ್ಟ. ಅನುವಿಗೆ ಕನ್ನಡ ಅರ್ಥವಾಗುತ್ತಿತ್ತು. ಆಡುವಾಗ ಮಾತ್ರ ಅರ್ಧ ಇಂಗ್ಲಿಷು, ಅರ್ಧ ಜಪಾನಿ, ನಡುವೆ ಹುಡುಕಿ ಹುಡುಕಿ ಒಂದೊಂದು ಕನ್ನಡದ ಪದ. ತಪ್ಪು ಮಾತಾಡಿದರೆ ನಾನು ತಿದ್ದುತ್ತಿದ್ದೆ, ಅವಳು ತಿದ್ದಿಕೊಳ್ಳುತ್ತಿದ್ದಳು. ಒಂದು ಸಂಜೆ ಶಾಲೆಯ ಪುಸ್ತಕದಲ್ಲಿದ್ದ ಭೂಪಟ ಬಿಡಿಸಿ ನನ್ನ ಮುಂದೆ ಇಟ್ಟಳು. ಇಲ್ಲಿ ಟೋಕಿಯೋ ಇದೆ, ನಗೋಯಾ ಇದೆ, ಇಲ್ಲಿ ಇಂಡಿಯಾ, ಇಲ್ಲಿ ಬೆಂಗಳೂರು ಇದೆ.

"ಊರು ಎಲ್ಲಿದೆ ಅಜ್ಜಿ? ಸಿಗ್ತಾನೇ ಇಲ್ಲ."

ಊರು ಎಂಬುದು ಒಂದು ಪಟ್ಟಣದ ಹೆಸರು ಎಂದು ಅದು ತಿಳಿದುಕೊಂಡಿತ್ತು. ಬೆಂಗಳೂರು, ಮೈಸೂರು, ಹಾಗೆಯೇ ಬರೀ ಊರು. ಚಿಕ್ಕ ಊರು, ಅದರಲ್ಲಿ ಹಾಕಿಲ್ಲ ಎಂದೆ. ಅವಳು ಪೆನ್ಸಿಲಿನಿಂದ ಬೆಂಗಳೂರಿನ ಪಕ್ಕ ಒಂದು ಚುಕ್ಕೆ ಇಟ್ಟುಕೊಂಡಳು.

ಪಕ್ಷದ ಅಮಾವಾಸ್ಯೆ ಬಂತು. ನಮ್ಮಲ್ಲಿ ಅದು ಹಿರಿಯರ ಹಬ್ಬ. ಸತ್ತವರ ಫೋಟೋಗೆ ಹೂವು ಹಾಕಿ, ಹೊಸ ಬಟ್ಟೆ ಇಟ್ಟು, ಅವರು ಏನು ತಿನ್ನುತ್ತಿದ್ದರೋ ಅದನ್ನೇ ಎಲೆ ತುಂಬ ಬಡಿಸಿ, ಬಾಗಿಲು ಮುಂದೆ ಮಾಡಿ ಸ್ವಲ್ಪ ಹೊತ್ತು ಹೊರಗಿರುತ್ತೇವೆ. ಅದೇ ಎಡೆ. ಅವರು ಬಂದು ಉಂಡು ಹೋಗಲಿ ಎಂದು. ಆದರೆ ಕೊಟ್ಟ ಮಗಳಿಗೆ ತವರಿನಲ್ಲಿ ಎಡೆ ಇಲ್ಲ. ಅವಳಿಗೆ ಇಡಬೇಕಾದ್ದು ಗಂಡನ ಮನೆ. ಭಾಗ್ಯಳ ಫೋಟೋವನ್ನು, ಒಂದು ಹಸಿರು ಸೀರೆಯನ್ನು ನಾನು ಪೆಟ್ಟಿಗೆಯ ತಳದಲ್ಲಿ ಹೊತ್ತು ತಂದಿದ್ದೆ. ವಿಮಾನ ಹತ್ತಿದ್ದಕ್ಕೆ ಮಗು ಒಂದು ಕಾರಣ, ಇದು ಇನ್ನೊಂದು. ಸತೀಶನನ್ನು ಕೇಳಿದೆ. ಇಲ್ಲಿ ಬೇಡ ಅತ್ತೆ, ಫೋಟೋಗೆ ಹೂವು ಹಾಕಿದ್ದು ನೋಡಿದರೆ ಕೇಳುತ್ತಾಳೆ ಎಂದ. ಮಗು ಶಾಲೆಗೆ ಹೋದಾಗ ಇಟ್ಟು ತೆಗೆದುಬಿಡೋಣ ಎಂದೆ. ಅವನು ಟೈ ಕಟ್ಟಿಕೊಳ್ಳುತ್ತಿದ್ದವನು ಕೈ ನಿಲ್ಲಿಸಿ, ನನ್ನ ಕೈಲಿ ಆಗಲ್ಲ ಎಂದ. ಆ ಸುಳ್ಳು ಮಗುವಿಗಿಂತ ಮೊದಲು ಬೇಕಾಗಿದ್ದುದು ಅವನಿಗೆ ಎಂದು ನನಗೆ ಆಗ ತಿಳಿಯಿತು. ಆ ದಿನ ಕೋಳಿ ಕೈಮದ ಉಂಡೆ ಸಾರು ಮಾಡಿದೆ. ಬರೀ ಸಾರು ಎಂದು ಮೂವರೂ ತಿಂದೆವು. ಸತ್ತವರಿಗೆ ತೋರಿಸದೆ ನಾನು ಉಂಡ ಮೊದಲ ಪಕ್ಷ ಅದು.

ಲೂಪೆ ಸಿಕ್ಕಿದ್ದು ಆಮೇಲೆ. ಪಕ್ಕದ ಬಾಗಿಲಿನವಳು, ಮೆಕ್ಸಿಕೋ ದೇಶದ ಹೆಂಗಸು. ಗಂಡ ಗಾಡಿಯ ಬಿಡಿಭಾಗ ಮಾಡುವ ಫ್ಯಾಕ್ಟರಿಯಲ್ಲಿ, ಇವಳು ಬೆಳಿಗ್ಗೆ ಊಟದ ಡಬ್ಬಿ ತುಂಬುವ ಕೆಲಸದಲ್ಲಿ. ಒಂದು ದಿನ ಮಧ್ಯಾಹ್ನ ನಾನು ಒಣಮೆಣಸಿನಕಾಯಿ ಹುರಿಯುತ್ತಿದ್ದೆ. ಘಾಟು ವರಾಂಡಕ್ಕೆ ಹೋಯಿತು. ಒಂದೊಂದೇ ಕಿಟಕಿ ಮುಚ್ಚಿದ ಸದ್ದು ಕೇಳಿಸಿತು. ಆಮೇಲೆ ಬಾಗಿಲು ಬಡಿದರು. ಬೈಯಲು ಬಂದರು ಎಂದುಕೊಂಡು ಸುಮಿಮಾಸೆನ್ ಎನ್ನುತ್ತಲೇ ತೆಗೆದೆ. ದಪ್ಪನೆಯ ಹೆಂಗಸು, ಕಣ್ಣಲ್ಲಿ ನೀರು ಸುರಿಯುತ್ತಿದೆ, ಆದರೂ ಮೂಗು ಅರಳಿಸಿ ವಾಸನೆ ಎಳೆಯುತ್ತಿದ್ದಾಳೆ. ಮುಷ್ಟಿಯಲ್ಲಿ ಕಪ್ಪು ಬಣ್ಣದ, ಅಂಗೈಯಗಲದ ಒಣಮೆಣಸಿನಕಾಯಿ. ನಿನ್ನದು ಹುರಿದಾಯಿತು, ನನ್ನದೂ ಹುರಿ ಎಂಬ ಹಾಗೆ ನನ್ನ ಕೈಗೆ ತುರುಕಿದಳು. ನಾನು ಅವಳನ್ನು ಲೂಪಮ್ಮ ಎಂದೇ ಕರೆದೆ. ಅವಳು ಜಪಾನಿನ ಮರ್ಯಾದೆ ಸೇರಿಸಿ ನನ್ನನ್ನು ಅಜ್ಜಿಸಾನ್ ಎಂದಳು.

ಅವಳು ಮಾತಾಡುತ್ತಿದ್ದುದು ಡಬ್ಬಿ ತುಂಬುವ ಕೆಲಸದಲ್ಲಿ ಕಲಿತ ಹರುಕು ಜಪಾನಿ. ನನಗೆ ಅದೂ ಬರದು. ನಮ್ಮಿಬ್ಬರ ನಡುವೆ ಇದ್ದ ನಾಲಿಗೆ ಅನು ಒಬ್ಬಳದೇ. ಶಾಲೆ ಬಿಟ್ಟು ಬಂದವಳು ಲೂಪೆಯ ಮನೆಯಲ್ಲಿ ನಮ್ಮಿಬ್ಬರ ಮಧ್ಯೆ ಕೂತು, ಆಂಟಿ ಹೀಗಂತಾರೆ, ಅಜ್ಜಿ ಹಾಗಂತಾರೆ ಎಂದು ದೊಡ್ಡವರ ಹಾಗೆ ಮಾತು ದಾಟಿಸುತ್ತಿದ್ದಳು. ಮೊದಲ ದಿನವೇ ಲೂಪೆ, ಈ ಮಗುವಿನ ತಾಯಿ ಎಲ್ಲಿ ಎಂದು ನನ್ನ ಕಡೆ ನೋಡಿ ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಅನು ಉತ್ತರ ಕೊಟ್ಟುಬಿಟ್ಟಳು. ಲೂಪೆ ನನ್ನ ಮುಖ ನೋಡಿದಳು. ನಾನು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಾ ಕೂತೆ. ಆ ದೇಶದಲ್ಲಿ ನಾನು ನಿಜ ಹೇಳಬಹುದಾಗಿದ್ದ ಹೆಂಗಸು ಅವಳೊಬ್ಬಳೇ. ಅವಳಿಗೆ ಹೇಳಬೇಕೆಂದರೆ ಮಗುವಿನ ಬಾಯಿಯಿಂದಲೇ ಹೇಳಿಸಬೇಕು.

ಅಕ್ಟೋಬರ್ ಮುಗಿಯುವ ಹೊತ್ತಿಗೆ ಗಾಳಿ ಒಣಗಿತು. ಹಮಾಮತ್ಸುವಿನ ಆ ಗಾಳಿ ತುಟಿ ಒಡೆಸುತ್ತದೆ. ಲೂಪೆ ತನ್ನ ಬಾಲ್ಕನಿಯ ಕುಂಡಗಳಲ್ಲಿ ಬೆಳೆದ ಚೆಂಡು ಹೂವನ್ನು ಕೊಯ್ದು ನೆಲದ ಮೇಲೆ ಸುರಿದಳು. ಗೋಡೆಗೆ ಮೇಜು ಒತ್ತಿ, ಅದರ ಮೇಲೆ ಪೆಟ್ಟಿಗೆ ಜೋಡಿಸಿ ಮೆಟ್ಟಿಲು ಮಾಡಿ, ಬಟ್ಟೆ ಹಾಸಿ, ಚಿತ್ತಾರ ಕತ್ತರಿಸಿದ ಬಣ್ಣದ ಕಾಗದ ತೂಗುಹಾಕಿದಳು. ಮದುವೆಯೇನೋ ಎಂದುಕೊಂಡೆ. ಆಮೇಲೆ ಸಕ್ಕರೆಯಲ್ಲಿ ಮಾಡಿದ ತಲೆಬುರುಡೆಗಳನ್ನು ತಂದು ಸಾಲಾಗಿ ಇಟ್ಟಳು. ಮಾಟವೇನೋ ಎಂದುಕೊಂಡೆ. ಆಮೇಲೆ ಒಬ್ಬ ಮುದುಕಿಯ ಫೋಟೋ, ಅದರ ಮುಂದೆ ಒಂದು ಲೋಟ ನೀರು, ಉಪ್ಪು, ಮೇಲೆ ಎಲುಬಿನ ಆಕಾರ ಮಾಡಿದ ದುಂಡು ಬ್ರೆಡ್ಡು, ಒಂದು ಪೊಟ್ಟಣ ಸಿಗರೇಟು. ಫೋಟೋದ ಮುದುಕಿಯ ಹತ್ತಿರ ಏನೋ ಜಗಳ ಕಾಯುತ್ತಾ, ನಗುತ್ತಾ ಇಡುತ್ತಿದ್ದಳು. ಸಾಂಬ್ರಾಣಿಯಂಥದ್ದೇ ಒಂದು ಅಂಟನ್ನು ಚೂರು ಸುಟ್ಟಳು. ಬೆಂಕಿಯ ಗಂಟೆ ಹೊಡೆದುಕೊಂಡೀತು ಎಂದು ದೀಪ ಮಾತ್ರ ನೂರು ಯೆನ್ ಅಂಗಡಿಯ ಬ್ಯಾಟರಿ ದೀಪ. ಆಗ ನನಗೆ ತಿಳಿಯಿತು. ಎಡೆ. ಇವಳು ಎಡೆ ಇಡುತ್ತಿದ್ದಾಳೆ. ಕೈಮುಗಿದುಬಿಟ್ಟೆ. ಅದಕ್ಕೆ ಭಾಷೆ ಬೇಕಾಗಲಿಲ್ಲ.

ಬೇಕಾದದ್ದು ಅನುವಿಗೆ. ಇದೇನು ಎಂದು ಅವಳು ಜಪಾನಿಯಲ್ಲಿ ಕೇಳಿದಳು. ಲೂಪೆ ಮುದುಕಿಯ ಫೋಟೋ ತೋರಿಸಿ ತನ್ನ ಹರುಕು ಜಪಾನಿಯಲ್ಲಿ, ಮಾಮಾ ಕಾಯೆರು ಎಂದಳು. ಅಮ್ಮ ಮನೆಗೆ ಬರುತ್ತಾಳೆ ಎಂದು ಅದರ ಅರ್ಥ. ಅನು ನನ್ನ ಕಡೆ ತಿರುಗಿ ಅಚ್ಚುಕಟ್ಟಾಗಿ ದಾಟಿಸಿದಳು. ದೂರ ಹೋಗಿರೋರ ಫೋಟೋ ಇಟ್ಟು, ಅವರಿಗೆ ಇಷ್ಟವಾದ್ದು ಇಟ್ಟರೆ ಮನೆಗೆ ಬರುತ್ತಾರಂತೆ, ದಾರಿ ತಪ್ಪಬಾರದು ಅಂತ ಹೂವು ಹಾಕೋದಂತೆ, ನಿಮ್ಮವರ ಫೋಟೋನೂ ತನ್ನಿ ಅಂತಿದಾರೆ. ಅದರಲ್ಲಿ ಒಂದು ಪದವೂ ಸುಳ್ಳಿರಲಿಲ್ಲ.

ನಾನು ಮನೆಗೆ ಹೋಗಿ ಪೆಟ್ಟಿಗೆ ತೆಗೆದು ನನ್ನ ಯಜಮಾನರ ಫೋಟೋ ಹೊರಗೆ ತೆಗೆದೆ. ಅವರು ಹೋಗಿದ್ದು ಅನು ಹುಟ್ಟುವ ಮೊದಲು. ಇದ್ಯಾರು ಎಂದಳು. ನಿಮ್ಮ ತಾತ ಎಂದೆ. ಎಲ್ಲಿದ್ದಾರೆ ಎಂದಳು. ಬಾಯಿಗೆ ರೂಢಿಯಾಗಿದ್ದುದು ಬಂದುಬಿಟ್ಟಿತು. ಊರಲ್ಲಿ ಎಂದೆ. ಅದೂ ಸುಳ್ಳಲ್ಲ, ಊರಿನ ಹೊಲದಲ್ಲೇ ಮಣ್ಣು ಮಾಡಿದ್ದೇವೆ. ಅವಳು ಪೆಟ್ಟಿಗೆಯೊಳಗೆ ನೋಡುತ್ತಾ ನಿಂತಳು.

ಲೂಪೆಯವರಲ್ಲಿ ಹಿರಿಯರು ಬರುವ ದಿನ ನವೆಂಬರ್ ಎರಡಂತೆ. ಅಂದು ನಾನು ಯಜಮಾನರಿಗೆಂದು ಉಂಡೆ ಸಾರು ಮಾಡಿ ಒಂದು ಬಟ್ಟಲು ಲೂಪೆಯ ಮನೆಗೆ ಹಿಡಿದುಕೊಂಡು ಹೋದೆ. ಮೇಜಿನ ಮೇಲೆ ಯಜಮಾನರ ಪಕ್ಕ ಭಾಗ್ಯ ಇದ್ದಳು. ಪೆಟ್ಟಿಗೆಯ ತಳದ ಫೋಟೋವನ್ನು ಅನು ತಂದು ಇಟ್ಟಿದ್ದಳು, ಮದುವೆಯ ಮೊದಲಿನದು, ಎರಡು ಜಡೆ. ಲೂಪೆ ಕೈಯಲ್ಲಿ ಹೂವು ಹಿಡಿದು ನನ್ನನ್ನೇ ನೋಡುತ್ತಿದ್ದಳು. ಅವಳು ಮಕ್ಕಳನ್ನು ಹೆತ್ತವಳು, ಕೇಳುವ ಅಗತ್ಯ ಇರಲಿಲ್ಲ. ನಾನು ತಲೆ ಕೆಳಗೆ ಮಾಡಿದೆ. ಅವಳು ಹೂವನ್ನು ಭಾಗ್ಯಳ ಮುಂದೆ ಇಟ್ಟು ತನ್ನ ಹಣೆ, ಎದೆ, ಭುಜ ಮುಟ್ಟಿಕೊಂಡಳು.

ಅನು ಅಲ್ಲಿರಲಿಲ್ಲ. ವರಾಂಡದಲ್ಲಿದ್ದಳು. ಲೂಪೆ ಬಾಗಿಲಿನಿಂದ ಮೇಜಿನವರೆಗೆ ಎಸಳು ಹರಡಿದ್ದಳು. ಇವಳು ಬುಟ್ಟಿಯಲ್ಲಿ ಉಳಿದದ್ದನ್ನು ತೆಗೆದುಕೊಂಡು ಅದನ್ನು ವರಾಂಡದ ಉದ್ದಕ್ಕೂ, ಮೆಟ್ಟಿಲ ಮೇಲೂ, ಕೆಳಗೆ ಸೈಕಲ್ ನಿಲ್ಲಿಸುವ ಜಾಗದವರೆಗೂ ಚೆಲ್ಲಿಕೊಂಡು ಹೋಗಿದ್ದಳು. ನಮ್ಮ ಬಾಗಿಲಿಗೂ ಒಂದು ಕವಲು ಮಾಡಿದ್ದಳು. ಅಮ್ಮ ಬಂದ ಮೇಲೆ ಮೊದಲು ಇಲ್ಲಿ ತಿಂದು ಆಮೇಲೆ ನಮ್ಮ ಮನೆಗೆ ಬರುತ್ತಾಳೆ ಎಂದು ನನಗೆ ವಿವರಿಸಿದಳು. ಗಾಳಿ ಎಸಳನ್ನು ಎತ್ತಿಕೊಂಡು ಹೋಗುತ್ತಿತ್ತು, ಇವಳು ಓಡಿ ಹೋಗಿ ಮತ್ತೆ ಇಡುತ್ತಿದ್ದಳು. ಬಾ ಒಳಗೆ ಎಂದರೆ ಬರಲಿಲ್ಲ. ಐದು ಗಂಟೆಗೆ ಮಕ್ಕಳೆಲ್ಲ ಮನೆ ಸೇರಲಿ ಎಂದು ಊರ ಮೈಕಿನಲ್ಲಿ ಬಾರಿಸುವ ರಾಗ ಬಾರಿಸಿತು. ಕತ್ತಲಾಯಿತು. ಅವಳು ಕಟಕಟೆ ಹಿಡಿದು ಬಸ್ ನಿಲ್ದಾಣದ ಕಡೆ ನೋಡುತ್ತಾ ನಿಂತಳು. ನಾನು ಹಿಂದೆ ನಿಂತೆ. ಹೇಳಿದರೆ ನನ್ನನ್ನು ವಿಮಾನ ಹತ್ತಿಸುತ್ತಾರೆ, ಹೇಳದಿದ್ದರೆ ಈ ಮಗು ಅಮ್ಮ ಬಸ್ಸಿಳಿಯುವುದನ್ನು ಕಾಯುತ್ತಾ ನಿಲ್ಲುತ್ತದೆ.

ಮರುದಿನ ರಜೆಯೆಂದು ಸತೀಶ ಅಂದು ಬೇಗ ಬಂದ. ಮೆಟ್ಟಿಲ ಮೇಲೆ ಹೂವು ನೋಡಿಕೊಂಡೇ ಹತ್ತಿದ್ದಾನೆ. ಅನು ಓಡಿಹೋಗಿ ಅವನ ಕೈ ಹಿಡಿದು, ಇವತ್ತು ಅಮ್ಮ ಬರುತ್ತಾಳೆ ಎಂದಳು. ಎಳೆದುಕೊಂಡು ಹೋಗಿ ಮೇಜು ತೋರಿಸಿದಳು. ಅವನು ಶೂ ಬಿಚ್ಚದೆ ಬಾಗಿಲಲ್ಲೇ ನಿಂತ. ಹೆಂಡತಿಯ ಮುಖವನ್ನು ಅವನು ಎಷ್ಟು ದಿನದ ಮೇಲೆ ನೋಡಿದನೋ ನನಗೆ ಗೊತ್ತಿಲ್ಲ.

"ಏನ್ ಹೇಳಿದ್ರಿ ಅತ್ತೆ ಇವಳಿಗೆ?"

"ನೀನು ಹೇಳಿಕೊಟ್ಟಿದ್ದನ್ನೇ ಹೇಳಿದೀನಿ."

ಅವನು ಮಗುವಿನ ಮುಂದೆ ಕುಕ್ಕರುಗಾಲಲ್ಲಿ ಕೂತ. ಇವತ್ತು ಅಮ್ಮ ಬರಲ್ಲ ಪುಟ್ಟಿ, ಫ್ಲೈಟ್ ಫುಲ್ ಆಗಿದೆ ಎಂದ. ಅನು ಅವನನ್ನು ನೋಡಿದಳು, ಲೂಪೆಯನ್ನು ನೋಡಿದಳು. ಆಮೇಲೆ ಲೂಪೆಯ ಹತ್ತಿರ ಹೋಗಿ ಜಪಾನಿಯಲ್ಲಿ ಏನೋ ಕೇಳಿದಳು. ಮೇಜಿನ ಮೇಲಿರುವವರೆಲ್ಲ ಫ್ಲೈಟಿನಲ್ಲಿ ಬರುತ್ತಾರಾ ಎಂದು ಕೇಳಿದ್ದಂತೆ, ಸತೀಶ ನನಗೆ ಆಮೇಲೆ ಹೇಳಿದ. ಈ ಮನೆಯ ಕಟ್ಟುಪಾಡು ಲೂಪೆಗೆ ಏನು ಗೊತ್ತು. ಇಲ್ಲ ಎಂದು ತಲೆಯಾಡಿಸಿದಳು. ತನ್ನ ತಾಯಿಯನ್ನು ತೋರಿಸಿದಳು, ನನ್ನ ಯಜಮಾನರನ್ನು ತೋರಿಸಿದಳು, ಭಾಗ್ಯಳನ್ನು ತೋರಿಸುವಾಗ ಅವಳ ಕೈ ನಿಧಾನವಾಯಿತು. ಒಂದು ಪದ ಹೇಳಿದಳು. ಸತೀಶ ಕಣ್ಣು ಮುಚ್ಚಿಕೊಂಡ.

ಮಗು ತಿರುಗಿತು. ದಿನಾ ಹೇಗೆ ನನಗೆ ಮಾತು ದಾಟಿಸುತ್ತಿತ್ತೋ ಹಾಗೆಯೇ ತಿರುಗಿತು. ಆದರೆ ಪದ ಸಿಗಲಿಲ್ಲ.

"ಶಿಂದಾ ಅಂದ್ರೆ ಕನ್ನಡದಲ್ಲಿ ಏನು ಅಜ್ಜಿ? ನಮ್ಮ ಕ್ಲಾಸಲ್ಲಿ ಸಾಕಿದ್ದ ಹುಳ ಆಯ್ತಲ್ಲ, ಕಾಲು ಮೇಲೆ ಮಾಡ್ಕೊಂಡು, ಹಾಗೆ."

ಸತೀಶ ಅತ್ತೆ ಎಂದ. ಅಷ್ಟೇ ಎಂದ. ನಾನು ಅವನ ಕಡೆ ನೋಡಲಿಲ್ಲ. ಮಗು ಒಂದು ಪದ ಕೇಳುತ್ತಿತ್ತು. ಅದಕ್ಕೆ ಕನ್ನಡ ಕಲಿಸಲು ಆ ಮನೆಯಲ್ಲಿ ಇದ್ದವಳು ನಾನೊಬ್ಬಳೇ.

"ಸತ್ತುಹೋಗೋದು ಅಂತಾರೆ ಮಗ."

"ತಾತ?"

"ಸತ್ತುಹೋದ್ರು."

ಅವಳು ಬೆರಳನ್ನು ಅಮ್ಮನ ಫೋಟೋದ ಕಡೆ ಮಾಡಿದಳು.

"ನಿಮ್ಮಮ್ಮನೂ ಸತ್ತೋದ್ಲು. ಬೆಂಗಳೂರಲ್ಲಿ, ಆಸ್ಪತ್ರೇಲಿ. ನಾನು ಪಕ್ಕದಲ್ಲೇ ಇದ್ದೆ."

ಕೇಳಿದ ಕೂಡಲೇ ಅತ್ತಳು ಎಂದರೆ ಸುಳ್ಳಾಗುತ್ತದೆ. ಅವಳು ಲೂಪೆಯ ಕಡೆ ತಿರುಗಿ ಅಷ್ಟನ್ನೂ ಜಪಾನಿಯಲ್ಲಿ ಹೇಳಿದಳು, ಬೆಂಗಳೂರು, ಆಸ್ಪತ್ರೆ, ಅಜ್ಜಿ ಪಕ್ಕದಲ್ಲಿದ್ದದ್ದು, ಒಂದನ್ನೂ ಬಿಡದೆ. ಸತೀಶ ಬಾಗಿಲ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದ. ಮಗು ಅವನ ಹತ್ತಿರ ಹೋಗಿ ಅವನ ಭುಜಕ್ಕೆ ಒಂದು ಗುದ್ದು ಕೊಟ್ಟಿತು. ಇನ್ನೊಂದು ಕೊಟ್ಟಿತು. ಅವನು ಗುದ್ದಿಸಿಕೊಂಡ. ಆಮೇಲೆ ಅಲ್ಲೇ ಅವನ ತೊಡೆಯ ಮೇಲೆ ಬಿದ್ದು ಅತ್ತಳು. ಅವನೂ ಅತ್ತ. ನಾನು, ಲೂಪೆ ಇಬ್ಬರೂ ಹತ್ತಿರ ಹೋಗಲಿಲ್ಲ. ಅಳುವವರನ್ನು ಮಧ್ಯೆ ಎಬ್ಬಿಸಬಾರದು.

ಎಷ್ಟೋ ಹೊತ್ತಿನ ಮೇಲೆ ಅನು ತಲೆಯೆತ್ತಿ, ಎಲ್ಲರ ಮುಂದೆ ತಿನ್ನೋದು ಇದೆ, ಅಮ್ಮನ ಮುಂದೆ ಏನೂ ಇಲ್ಲ ಎಂದಳು. ನಿಜ, ಏನೂ ಇರಲಿಲ್ಲ. ನಾನು ಉಂಡೆ ಸಾರಿನ ಬಟ್ಟಲನ್ನು ಸರಿಸಲು ಹೋದೆ. ಸತೀಶ ಬೇಡ ಎಂದು ಕೈ ತೋರಿಸಿ ಎದ್ದು ಕೆಳಗೆ ಹೋದ. ಬೀದಿ ಕೊನೆಯಲ್ಲಿ ಹಗಲು ರಾತ್ರಿ ತೆರೆದಿರುವ ಕೊಂಬಿನಿ ಅಂಗಡಿಯಿಂದ ಒಂದು ಪೊಟ್ಟಣ ತಂದ. ಮೂರು ಮೂಲೆಯ ಅನ್ನದ ಉಂಡೆ, ಒಳಗೆ ಹುಳಿ ಹಣ್ಣಿನ ಉಪ್ಪಿನಕಾಯಿ, ಹೊರಗೆ ಕಪ್ಪು ಎಲೆಯಂಥದ್ದು ಸುತ್ತಿ ಪ್ಲಾಸ್ಟಿಕ್ ಹಾಕಿರುತ್ತಾರೆ. ಇದನ್ನೇ ದಿನಾ ತಿಂತಿದ್ಲು, ಊರಿನ ಉಪ್ಪಿನಕಾಯಿ ಅನ್ನದ ಥರ ಇದೆ ಅಂತಿದ್ಲು ಎಂದ. ಹೆತ್ತವಳು ನಾನು, ನನಗೆ ಗೊತ್ತಿರಲಿಲ್ಲ. ನಾನು ಇಟ್ಟಿದ್ದರೆ ಅವಳು ಹುಡುಗಿಯಾಗಿದ್ದಾಗ ತಿನ್ನುತ್ತಿದ್ದುದನ್ನು ಇಡುತ್ತಿದ್ದೆ. ಎಡೆ ಇಡುವುದನ್ನು ಗಂಡನ ಮನೆಗೆ ಬಿಟ್ಟಿರುವುದರಲ್ಲಿ ಅಷ್ಟಾದರೂ ಅರ್ಥವಿದೆ.

ಸತೀಶ ಅದನ್ನು ಹಾಗೆಯೇ ಫೋಟೋದ ಮುಂದೆ ಇಡಲು ಹೋದ. ಅನು ಅವನ ಕೈಯಿಂದ ಕಿತ್ತುಕೊಂಡಳು. ಪ್ಲಾಸ್ಟಿಕ್ಕಿನ ನೆತ್ತಿಯಲ್ಲಿದ್ದ ದಾರ ಹಿಡಿದು ಕೆಳಗೆಳೆದಳು, ಆ ಮೂಲೆ ಎಳೆದಳು, ಈ ಮೂಲೆ ಎಳೆದಳು. ಪ್ಲಾಸ್ಟಿಕ್ ಕಳಚಿ ಬಂತು, ಕಪ್ಪು ಎಲೆ ಹರಿಯದೆ ಅನ್ನಕ್ಕೆ ಸುತ್ತಿಕೊಂಡಿತು. ಎರಡೂ ಕೈಯಲ್ಲಿ ಹಿಡಿದು ತಾಯಿಯ ಮುಂದೆ ಇಟ್ಟಳು.

"ಅಮ್ಮಂಗೆ ಇದು ಬಿಚ್ಚೋಕೆ ಬರಲ್ಲ. ಯಾವಾಗ್ಲೂ ಹರಿದುಬಿಡ್ತಾಳೆ. ನಾನೇ ತೆಕ್ಕೊಡೋದು."

ಹೇಳಿ ನನ್ನ ಕಡೆ ನೋಡಿದಳು. ಮೂಗು ಸೋರುತ್ತಿತ್ತು.

"ಅಜ್ಜಿ, ಬರಲ್ಲ ಅನ್ಬೇಕಾ, ಬರ್ತಿರ್ಲಿಲ್ಲ ಅನ್ಬೇಕಾ?"

"ಬರ್ತಿರ್ಲಿಲ್ಲ ಅನ್ಬೇಕು."

"ಅಮ್ಮಂಗೆ ಇದು ಬಿಚ್ಚೋಕೆ ಬರ್ತಿರ್ಲಿಲ್ಲ" ಎಂದಳು.